ಎಡೆಗಿಟ್ಟ ಬಿಯರು

ರೈಲ್ವೆ ಗೇಟು ಬಿದ್ದು ಎಷ್ಟು ಹೊತ್ತಾಗಿತ್ತೋ, ಸುದರ್ಶನನಿಗೆ ಐಸು ಕರಗುತ್ತಿರುವುದೊಂದೇ ಗೊತ್ತಾಗುತ್ತಿತ್ತು. ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಹಗ್ಗದಿಂದ ಬಿಗಿದಿದ್ದ ಥರ್ಮಕೋಲ್ ಡಬ್ಬಿಯ ಮೂಲೆಯಿಂದ ನೀರು ಸಣ್ಣಗೆ ಜಿನುಗಿ ಅವನ ಎಡಗಾಲಿನ ಹೆಬ್ಬೆರಳನ್ನು ತಣ್ಣಗೆ ಮಾಡುತ್ತಿತ್ತು. ಒಳಗೆ ಒದ್ದೆ ಟವೆಲಿನಲ್ಲಿ ಸುತ್ತಿದ ಒಂದು ಬಾಟ್ಲಿ ಬಿಯರಿತ್ತು. ಬೆಳಿಗ್ಗೆ ತಾನೇ ಹಾಸನದಲ್ಲಿ, ಸಾಲಗಾಮೆ ರಸ್ತೆಯ ಕೊನೆಗೆ ಅವನು ಕೆಲಸ ಮಾಡುವ ಹೋಟೆಲಿನ ಹಿಂಭಾಗದಲ್ಲಿ, ಟ್ಯಾಂಕಿನಿಂದ ನೇರ ಹಿಡಿದದ್ದು. ಅಲ್ಲೇ ಬಿಯರು ಕಾಯಿಸಿ, ಅಲ್ಲೇ ಹುದುಗು ಹಾಕಿ, ಅಲ್ಲೇ ಜನಕ್ಕೆ ಕುಡಿಸುವ ಹೋಟೆಲು ಅದು. ಮಾಡುವವನು ಸುದರ್ಶನ. ಬಾಟ್ಲಿಯ ಬಾಯಿಗೆ ನೊರೆ ಉಕ್ಕಿ ಬಂದ ಮೇಲೇ ತಂತಿಯ ಮುಚ್ಚಳ ಒತ್ತಿದ್ದ, ಒಳಗೆ ಒಂದು ಗುಟುಕು ಗಾಳಿಯೂ ಉಳಿಯಬಾರದೆಂದು. ಈಗ ಬಿಸಿಲು ನೋಡಿದರೆ ಭಾದ್ರಪದದ ಅಮಾವಾಸ್ಯೆಯೋ ಬೇಸಿಗೆಯೋ ತಿಳಿಯದ ಹಾಗೆ ಕಾಯುತ್ತಿತ್ತು. ಅವನು ತನ್ನ ನೆರಳು ಡಬ್ಬಿಯ ಮೇಲೆ ಬೀಳುವಂತೆ ಸ್ವಲ್ಪ ಮುಂದಕ್ಕೆ ಬಾಗಿ ನಿಂತ. ಪಕ್ಕದಲ್ಲಿ ಬೈಕಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ನಿಂತಿದ್ದವನು ಇದನ್ನೇ ನೋಡುತ್ತಿದ್ದ.

"ಏನ್ ಸಾ, ಮೀನಾ?"

"ಅಲ್ಲ."

"ಐಸ್‌ಕ್ರೀಮಾ?"

"ಔಷ್ದಿ," ಅಂದ ಸುದರ್ಶನ.

"ದನಕ್ಕಾ?"

"ಹೂಂ."

"ಅಯ್ಯೋ, ಪಕ್ಷದ ದಿವ್ಸ ನೋಡಿ ಬಂದೈತೆ. ಏನ್ ಸಾ, ಮೇವು ಮುಟ್ತಾ ಇಲ್ವಾ?"

ಅಷ್ಟರಲ್ಲಿ ಹಾಸನದ ಕಡೆಯಿಂದ ರೈಲು ಬಂತು, ಇಲ್ಲದ ದನದ ಕಾಯಿಲೆ ವಿವರಿಸುವುದು ತಪ್ಪಿತು. ಆದರೆ ನಾಚಿಕೆ ತಪ್ಪಲಿಲ್ಲ. ಬಿಯರು ಅಂತ ಅಂದುಬಿಟ್ಟಿದ್ದರೆ ಏನಾಗುತ್ತಿತ್ತು? ಅವನೂ ಹಲ್ಲು ಬಿಟ್ಟು ನಗುತ್ತಿದ್ದ, ಅಷ್ಟೇ. ಪಕ್ಷದ ಹಬ್ಬಕ್ಕೆ ಸತ್ತ ಹಿರೀಕರಿಗೆ ಇಷ್ಟವಾದದ್ದೆಲ್ಲವನ್ನೂ ಎಡೆ ಇಡುವುದು ಈ ಸೀಮೆಯ ಮನೆಮನೆಯಲ್ಲಿ ಇರುವುದೇ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಕ್ವಾರ್ಟರು. ಆದರೂ ತನ್ನ ಕೆಲಸದ ಹೆಸರು ಬಾಯಿಗೆ ಬರುವ ಹೊತ್ತಿಗೆ ಸುದರ್ಶನನ ನಾಲಗೆ ಯಾವಾಗಲೂ ಹೀಗೆ ಪಕ್ಕದ ದಾರಿ ಹಿಡಿಯುತ್ತಿತ್ತು. ಮೊದಲು ಹಾಲು ತಂಪು ಮಾಡುವ ಕೇಂದ್ರವೊಂದರಲ್ಲಿದ್ದ. ಕ್ಯಾನಿನ ಮುಚ್ಚಳ ತೆಗೆದು ಮೂಸಿದರೆ ಯಾವ ಮನೆಯ ಹಾಲು ನಿನ್ನೆ ಸಂಜೆಯದು, ಯಾವುದು ಈ ಬೆಳಗಿನದು ಅಂತ ಹೇಳುತ್ತಿದ್ದ. ಆ ಮೂಗನ್ನು ನೋಡಿಯೇ ಹೋಟೆಲಿನ ಮಾಲೀಕ, ಚನ್ನರಾಯಪಟ್ಟಣದ ಕಡೆಯ ವಂಶಿ, ಅವನನ್ನು ಕರೆದುಕೊಂಡಿದ್ದು. ಹಾಲಿನ ಕೆಲಸದಲ್ಲಿದ್ದಾಗ ಯಾರು ಕೇಳಿದರೂ ಎದೆ ಸೆಟೆಸಿ ಹೇಳುತ್ತಿದ್ದ. ಈಗ ಹೋಟೆಲು ಅನ್ನುತ್ತಿದ್ದ, ಫ್ಯಾಕ್ಟರಿ ಅನ್ನುತ್ತಿದ್ದ, ಇವತ್ತು ದನದ ಔಷಧಿಯೂ ಆಯಿತು.

ಹೋದ ವರ್ಷ ಅರಕಲಗೂಡಿನ ಛತ್ರವೊಂದರಲ್ಲಿ, ನೆಂಟರ ಮದುವೆಯ ಊಟದ ಸಾಲಿನಲ್ಲಿ ಕೂತಿದ್ದಾಗ, ಎದುರು ಸಾಲಿನ ಮುದುಕರೊಬ್ಬರು "ಈ ಹುಡ್ಗ ಏನ್ ಮಾಡ್ಕಂಡವ್ನೆ?" ಅಂತ ಕೇಳಿದ್ದರು. ಸುದರ್ಶನ ಬಾಯಲ್ಲಿದ್ದ ತುತ್ತು ನುಂಗುವಷ್ಟರಲ್ಲಿ ದೊಡ್ಡಪ್ಪನ ಮಗ ಮೋಹನ್‌ಕುಮಾರ್ "ಎಂಡ ಕಾಯಿಸ್ತಾವ್ನೆ ತಾತ, ದೊಡ್ಡ ದೊಡ್ಡ ಅಂಡೇಲಿ" ಅಂದುಬಿಟ್ಟ. ಎರಡೂ ಸಾಲು ನಕ್ಕಿತು. ಬಡಿಸುತ್ತಿದ್ದವನು ಕೂಡ ಪಲ್ಯದ ಬಕೆಟ್ಟು ಹಿಡಿದು ನಿಂತು ನಕ್ಕ. ಆ ನಗು ಇಳಿಯುವುದಕ್ಕೆ ಮುಂಚೆ, ಎಲೆಯ ಮೇಲಿನ ಪಾಯಸವನ್ನು ಬೆರಳಲ್ಲಿ ಬಳಿಯುತ್ತಾ, ತಲೆ ಎತ್ತದೆ, ದೊಡ್ಡಪ್ಪ ರಂಗಸ್ವಾಮಿ ಹೇಳಿದ್ದರು: "ಅದೇನ್ ಕಾಯಿಸ್ತೀಯೋ ನಂಗೊಂದ್ ಬಾಟ್ಲಿ ತಂದ್ಕೊಡ್ಲಾ ಸುದರ್ಶನ. ನಿನ್ ಕೈಲಿ ಮಾಡಿದ್ದು ನಾನು ಕುಡೀದೆ ಇನ್ಯಾರ್ ಕುಡೀಬೇಕು?" ಕುಟುಂಬದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಆ ಒಂದು ಮಾತಿಗೆ ಅವತ್ತು ಸುದರ್ಶನನ ಕಣ್ಣು ತುಂಬಿ, ಸಾರು ಖಾರ ಅನ್ನುವ ಹಾಗೆ ನಟಿಸಿ ನೀರು ಕುಡಿದಿದ್ದ.

ಅಂಥವರಿಗೆ ಅವನು ಕೊಟ್ಟದ್ದು ಏನು? ಗೇಟು ಎದ್ದಿತು, ಹುಲ್ಲಿನ ಬೈಕಿನವನು ಮುಂದೆ ಹೋದ, ಹಿಂದಿನವರು ಹಾರನ್ನು ಬಡಿದರು. ಸುದರ್ಶನ ದೊಡ್ಡಪ್ಪನ ಊರು ಹಳೇಕೋಟೆಗೆಂದು ಹೊಳೆನರಸೀಪುರದ ದಾರಿಯಲ್ಲಿ ಸ್ಕೂಟರು ಓಡಿಸುತ್ತಾ, ಆ ಮದುವೆಯ ಮುಂದಿನ ಭಾನುವಾರಕ್ಕೆ ಹೋಗಿ ನಿಂತಿದ್ದ. ಎರಡು ಟ್ಯಾಂಕು. ಒಂದರಲ್ಲಿ ಆ ವಾರದ ಹೊಸ ಬಿಯರು. ಹುರಿದ ರಾಗಿ ಸ್ವಲ್ಪ ಸೇರಿಸಿ ಮಾಡಿದ್ದು, ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆ ಈಗ ತಾನೇ ಹಿಂಡಿದ ಹಾಗೆ, ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಘಮ. ಇನ್ನೊಂದರಲ್ಲಿ ಅದೇ ಬಿಯರಿನ ಹಳೆಯ ತಳ. ತಿಂಗಳುಗಟ್ಟಲೆ ನಿಂತು, ಗಾಳಿ ಸೇರಿ, ಘಮ ಹೋಗಿ, ಒದ್ದೆ ರಟ್ಟಿನ ವಾಸನೆ ಬಂದು, ಚರಂಡಿಗೆ ಬಿಡಬೇಕೆಂದು ಪಕ್ಕಕ್ಕಿಟ್ಟಿದ್ದದ್ದು. ಸುದರ್ಶನ ಬಾಟ್ಲಿ ಹಿಡಿದು ಹೊಸ ಟ್ಯಾಂಕಿನ ಮುಂದೆಯೇ ಹೋಗಿ ನಿಂತಿದ್ದ. ಆಮೇಲೆ ಏಕೋ ಪಕ್ಕಕ್ಕೆ ಸರಿದ. ಯಾರೂ ನೋಡುತ್ತಿರಲಿಲ್ಲ. ವಂಶಿ ಇದ್ದಿದ್ದರೂ ಬೇಡ ಅನ್ನುತ್ತಿರಲಿಲ್ಲ, ಹೊಸದನ್ನೇ ತಗೊಂಡು ಹೋಗೋ ಅನ್ನುತ್ತಿದ್ದ. ಬ್ರಾಂದಿ ಕುಡಿದು ಕುಡಿದು ಸುಟ್ಟ ನಾಲಗೆ, ಹಳೇಕೋಟೆಯ ಮುದುಕರಿಗೆ ಹೊಸದೇನು ಹಳೇದೇನು ಅಂತ ಒಳಗೆ ಯಾರೋ ಅಂದರು. ಆ ಯಾರೋ ತಾನೇ. ಛತ್ರದಲ್ಲಿ ನಕ್ಕ ಎರಡು ಸಾಲಿಗಿಂತ ಆ ಒಳಗಿನ ದನಿ ಕೀಳಾಗಿತ್ತು ಅನ್ನುವುದು ಅವನಿಗೆ ಬಾಟ್ಲಿ ತುಂಬಿ ಮುಚ್ಚಳ ಹಾಕುವಾಗಲೇ ಗೊತ್ತಾಗಿತ್ತು. ಗೊತ್ತಾಗಿಯೂ ಮುಚ್ಚಳದ ತಂತಿಯ ಮೇಲೆ ಕೆಂಪು ಟೇಪು ಸುತ್ತಿದ. ದಾರಿಯಲ್ಲಿ ಬಿಚ್ಚಿಕೊಳ್ಳಬಾರದೆಂದು ಬಿಗಿಯಾಗಿಯೇ ಸುತ್ತಿ, ಹಳೇಕೋಟೆಗೆ ಹೊರಟಿದ್ದ ನೆಂಟರೊಬ್ಬರ ಕೈಯಲ್ಲಿ ಕಳಿಸಿದ.

ಒಂದು ವಾರಕ್ಕೆ ದೊಡ್ಡಪ್ಪನ ಫೋನು ಬಂತು. "ಬಲು ಚೆಂದಾಗೈತೆ ಕಣ್ಲಾ ನಿನ್ ಸರಕು. ಬಾರ್ಲಾ ಒಂದಿನ ಊರ್ ಕಡೀಕೆ." ಬತ್ತೀನಿ ದೊಡ್ಡಪ್ಪ, ಮುಂದಿನ ವಾರ ಬತ್ತೀನಿ ಅಂದ. ಹೋಗಲಿಲ್ಲ. ಹೋಗಿ ಆ ಮುಖ ನೋಡುವುದು ಹೇಗೆ? ಚೆನ್ನಾಗಿದೆ ಅಂದದ್ದು ತಿಳಿಯದೆಯೋ, ಅಥವಾ ತಿಳಿದೂ ಹುಡುಗನ ಮನಸ್ಸು ನೋಯಬಾರದೆಂದೋ? ತಿಳಿಯದೆ ಅಂದಿದ್ದರೆ ತಾನು ಮೋಸಗಾರ, ತಿಳಿದು ಅಂದಿದ್ದರೆ ತಾನು ಇನ್ನೂ ಏನೋ, ಅದಕ್ಕೆ ಅವನಿಗೆ ಹೆಸರು ಸಿಗಲಿಲ್ಲ. ಯುಗಾದಿ ಕಳೆದ ಮೇಲೆ ದೊಡ್ಡಪ್ಪ ಹಗಲು ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋದಾಗ ಎಲ್ಲರೂ ಅಳುತ್ತಿದ್ದರೆ ಸುದರ್ಶನನ ಕಣ್ಣು ಹಿತ್ತಿಲ ಗೋಡೆಯ ಕೆಳಗೆ, ಬಚ್ಚಲ ಒಲೆಯ ಪಕ್ಕದಲ್ಲಿ, ಆ ಖಾಲಿ ಬಾಟ್ಲಿಯನ್ನು ಹುಡುಕುತ್ತಿತ್ತು. ಅದು ಎಲ್ಲೂ ಇರಲಿಲ್ಲ.

ಹಳೇಕೋಟೆಯ ಮನೆ ಮುಂದೆ ಸ್ಕೂಟರು ನಿಲ್ಲಿಸಿದಾಗ ಹೊತ್ತು ಇಳಿಯುತ್ತಿತ್ತು. ಕೋಳಿಸಾರಿನ ವಾಸನೆ ಬೀದಿಗೇ ಬಂದಿತ್ತು. ಜಗಲಿಯ ಮೇಲೆ ಗುಂಡಯ್ಯ ಕೂತಿದ್ದ. ದಾಯಾದಿ, ದೊಡ್ಡಪ್ಪನ ಇಸ್ಪೀಟಿನ ಜೊತೆಗಾರ, ಯಾವ ಮನೆಯಲ್ಲಿ ಎಡೆಗೆ ಏನು ಇಟ್ಟಿದ್ದಾರೆ ಅನ್ನುವುದು ಊರಲ್ಲಿ ಮೊದಲು ಗೊತ್ತಾಗುವುದು ಅವನಿಗೇ. ಅವನ ಕಣ್ಣು ಡಬ್ಬಿಗೆ ಬಿತ್ತು. "ಬಂತು ನೋಡಪ್ಪ ಅಸಲಿ ಎಡೆ," ಅಂದ. ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮೋಹನ್‌ಕುಮಾರ್ ಹೊಸ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದವನು "ಏನ್ಲಾ, ಕಾಯಿಸೋನು ಖುದ್ದು ಬಂದ್ಬುಟ್ಟ" ಅಂದ. ಆದರೆ ಡಬ್ಬಿಯನ್ನು ತಾನೇ ಇಳಿಸಿಕೊಂಡು ಒಳಗೆ ತಣ್ಣನೆ ಜಾಗ ನೋಡಿ ಇಟ್ಟ.

"ಬಂದ್ಯಾ ಮಗಾ," ಅಂದರು ದೊಡ್ಡವ್ವ ಮಾಯಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಬಿಸ್ಲಲ್ಲಿ ಮೊಕ ಕರ್ರಗಾಗೈತೆ. ಕೈಕಾಲ್ ತೊಳ್ಕಂಡ್ ಬಾ, ಧೂಪ ಆಕ್ಬೇಕು. ನಿಮ್ ದೊಡ್ಡಪ್ಪಂಗೆ ಮೊದಲ್ನೇ ಎಡೆ, ಕಾಯ್ಸುದ್ರೆ ಬಯ್ತಾರೆ. ಬದುಕಿದ್ದಾಗ್ಲೇ ಒಂದು ಮುದ್ದೆ ತಡವಾದ್ರೆ ತಡೀತಿರ್ಲಿಲ್ಲ."

ನಡುಮನೆಯ ಗೋಡೆಗೆ ದೊಡ್ಡಪ್ಪನ ಫೋಟೋ. ಸ್ಟುಡಿಯೋದವನು ಕೂದಲಿಗೆ ಕಪ್ಪು ಬಳಿದು ಯಾರೋ ಮದುವೆ ಗಂಡಿನ ಹಾಗೆ ಮಾಡಿದ್ದ. ಮುಂದೆ ಕಳಶ, ಹೊಸ ಪಂಚೆ, ಟವೆಲು. ಬಾಳೆ ಎಲೆಯ ಮೇಲೆ ಮುದ್ದೆ, ಸಾರು, ಬೇಯಿಸಿದ ಮೊಟ್ಟೆ, ವಡೆ, ಕಜ್ಜಾಯ. ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಕ್ವಾರ್ಟರು ಬ್ರಾಂದಿ, ದೊಡ್ಡಪ್ಪ ಕಾಫಿ ಕುಡಿಯುತ್ತಿದ್ದ ಉದ್ದನೆ ಸ್ಟೀಲು ಲೋಟ. ಸುದರ್ಶನ ಹೊಸ ಬಾಟ್ಲಿಯನ್ನು ಅಲ್ಲಿ ಇಡಬೇಕೆಂದು ಬಗ್ಗುವಷ್ಟರಲ್ಲಿ ಮಾಯಮ್ಮ "ತಡೀ ತಡೀ" ಅಂದರು. ಮೂಲೆಯಲ್ಲಿದ್ದ ರಾಗಿ ಡ್ರಮ್ಮಿನ ಮುಚ್ಚಳ ತೆಗೆದರು. ಮೊಣಕೈವರೆಗೂ ತೋಳನ್ನು ರಾಗಿಯೊಳಗೆ ಇಳಿಸಿ, ಬಾವಿಯಲ್ಲಿ ಬಿದ್ದ ಬಿಂದಿಗೆ ತಡಕುವವರ ಹಾಗೆ ಕಣ್ಣು ಮುಚ್ಚಿಕೊಂಡು ತಡಕಿ, ಒಂದು ಬಾಟ್ಲಿ ಎಳೆದರು. ಮೈಗೆಲ್ಲ ರಾಗಿ ಕಾಳು ಅಂಟಿತ್ತು. ಸೆರಗಿನಿಂದ ಒರೆಸಿದರು. ಕಂದು ಗಾಜು, ಕತ್ತಿಗೆ ಕೆಂಪು ಟೇಪು. ಟೇಪು ಅವನು ಸುತ್ತಿದ ಹಾಗೇ ಇತ್ತು, ಕೊನೆಯನ್ನು ಮಡಿಸಿ ಒತ್ತಿದ ಅವನ ಹೆಬ್ಬೆರಳಿನ ಗುರುತೂ ಹಾಗೇ ಇತ್ತು.

ಕುಡಿದೇ ಇರಲಿಲ್ಲ.

ಸುದರ್ಶನ ಟೇಪಿನ ಆ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದ. ಆ ಒದ್ದೆ ರಟ್ಟು ದೊಡ್ಡಪ್ಪನ ನಾಲಗೆ ಮುಟ್ಟಿರಲಿಲ್ಲ. ಅವರು ಮುಖ ಹಿಂಡಿರಲಿಲ್ಲ, ಹುಡುಗನಿಗಾಗಿ ಸುಳ್ಳು ನುಂಗಿರಲಿಲ್ಲ. ಒಂದು ವರ್ಷದಿಂದ ಅವನು ಮನಸ್ಸಿನಲ್ಲಿ ಮತ್ತೆ ಮತ್ತೆ ನೋಡಿದ್ದ ಆ ಮೊದಲ ಗುಟುಕು ಈ ಲೋಕದಲ್ಲಿ ನಡೆದೇ ಇರಲಿಲ್ಲ. ನಗು ಬರುವಂತಾಯಿತು, ಎಡೆಯ ಮುಂದೆ ನಗುವುದು ಹೇಗೆಂದು ಧೂಪದ ಹೊಗೆಗೆ ಮುಖ ಕೊಟ್ಟು ಕೆಮ್ಮಿದ. ಕೆಮ್ಮಿನ ನಡುವೆಯೇ ಇನ್ನೊಂದು ಹೊಳೆಯಿತು. ಎಡೆ ತೆಗೆದ ಮೇಲೆ ಈ ಬಾಟ್ಲಿಯನ್ನು ಎಲ್ಲರೂ ಕುಡಿಯುತ್ತಾರೆ. ಆಗಲೇ ಕೆಟ್ಟದ್ದು, ಈಗ ಅದರ ಮೇಲೊಂದು ವರ್ಷ. ಇಷ್ಟೇನಾ ನಿನ್ನ ಕೈಗುಣ, ಇದನ್ನೇನಾ ನಮ್ಮಪ್ಪ ಎದೆಗವಚಿಕೊಂಡು ಇಟ್ಟಿದ್ದು ಅನ್ನುತ್ತಾನೆ ಮೋಹನ. ಮನೆಯವರೆಲ್ಲ ಒಬ್ಬೊಬ್ಬರಾಗಿ ಧೂಪ ಹಾಕಿ ಅಡ್ಡಬಿದ್ದರು. ಎರಡು ಬಾಟ್ಲಿಯೂ ಎಲೆಯ ಪಕ್ಕ ನಿಂತವು. ಹಿರೀಕರು ಬಂದು ಉಣ್ಣಲಿ ಎಂದು ಎಲ್ಲರೂ ಆಚೆ ಬಂದರು. ಮಾಯಮ್ಮ ಬಾಗಿಲು ಎಳೆದರು.

ಎಲ್ಲರೂ ಮುಚ್ಚಿದ ಬಾಗಿಲಿನ ಮುಂದೆ ಜಗಲಿಯ ಮೇಲೆ ಕೂತರು. ಒಳಗೆ ಏನೋ ಸಣ್ಣ ಸದ್ದಾಯಿತು, ಇಲಿಯೋ ಏನೋ. ಸುದರ್ಶನ ಕೇಳಿಯೇಬಿಟ್ಟ. "ದೊಡ್ಡವ್ವ, ದೊಡ್ಡಪ್ಪ ಅದ್ನ ಕುಡೀಲೇ ಇಲ್ವಾ? ಬಲು ಚೆಂದಾಗೈತೆ ಅಂತ ಫೋನ್ ಮಾಡಿದ್ರಲ್ಲ."

"ನಾನೂ ಅದ್ನೇ ಕೇಳ್ದೆ, ಮುಚ್ಚಳಾನೇ ತೆಗ್ದಿಲ್ಲ, ಚೆಂದಾಗೈತೆ ಅಂತೀಯಲ್ಲ ಅಂತ. ನಮ್ಮುಡ್ಗ ಮಾಡಿದ್ದು ಚೆಂದಾಗೈತೆ ಅನ್ನಕ್ಕೆ ಕುಡ್ದೇ ನೋಡ್ಬೇಕೇನೇ ಅಂದ್ರು. ಬಂದೋರ್ಗೆಲ್ಲ ತೋರ್ಸದು, ರಾಗಿ ಒಳಗೆ ಮಡಗದು. ಬಂದೋರ್ಗೆಲ್ಲ ತೋರ್ಸದು, ಮಡಗದು."

"ನಂಗೂ ತೋರ್ಸಿದ್ದ," ಅಂದ ಗುಂಡಯ್ಯ. "ಮುಟ್ಟಕ್ ಕೊಡ್ಲಿಲ್ಲ ಬಡ್ಡೆತ್ತದು. ಇರ್ಲಿ, ಅಳೇದಾದಷ್ಟೂ ಬೆಲೆ ಅದ್ಕೆ."

"ಊಂ ಮತ್ತೆ. ವಿಸ್ಕಿ ಬಾಟ್ಲಿ ಮ್ಯಾಲೆ ಅನ್ನೆರಡು ವರ್ಸದ್ದು ಅಂತ ಬೋರ್ಡೇ ಆಕಿರ್ತಾರೆ," ಅಂದ ಮೋಹನ್‌ಕುಮಾರ್.

"ಅದು ಬೇರೆ ಮೋಹನಣ್ಣ. ಬಿಯರು ಅಂಗಲ್ಲ. ಇದು ಹಾಲಿದ್ದಂಗೆ, ಹೊಸದ್ರಲ್ಲೇ ಕುಡೀಬೇಕು."

"ಹಾಲು ಅಳೇದಾದ್ರೆ ಮೊಸ್ರಾಯ್ತದೆ," ಅಂದ ಗುಂಡಯ್ಯ. "ಮೊಸ್ರು ಬೆಣ್ಣೆ ಆಯ್ತದೆ, ಬೆಣ್ಣೆ ತುಪ್ಪ ಆಯ್ತದೆ. ಯಾವ್ದಪ್ಪ ಕೆಟ್ಟೋಗಿದ್ದು ಇದ್ರಲ್ಲಿ?"

ಕೆಲವು ಬಿಯರು ನಿಜಕ್ಕೂ ಹಾಗೆ ಹಣ್ಣಾಗುತ್ತವೆ. ವಂಶಿ ಒಂದು ಪೀಪಾಯಿ ಕಪ್ಪು, ಗಟ್ಟಿ ಬಿಯರನ್ನು ಕತ್ತಲ ಕೋಣೆಯಲ್ಲಿ ಬಿಟ್ಟಿದ್ದ. ಮೊದಲು ಗಂಟಲು ಸುಡುತ್ತಿದ್ದದ್ದು ವರ್ಷ ಕಳೆದ ಮೇಲೆ ಖರ್ಜೂರದ ಹಾಗೆ, ಹಳೆ ಬೆಲ್ಲದ ಹಾಗೆ ಆಗಿತ್ತು, ರುಚಿ ನೋಡಿ ಸುದರ್ಶನನೇ ಬೆರಗಾಗಿದ್ದ. ಕಾಯುವ ಕಸುವು ಇದ್ದದ್ದು ಕಾದರೆ ಹಾಗೆ. ಆದರೆ ತಿಳಿಯಾದದ್ದು, ಘಮದ ಮೇಲೆಯೇ ನಿಂತದ್ದು, ಮಲ್ಲಿಗೆ ಹೂವಿನ ಹಾಗೆ. ಅದನ್ನು ಎಲ್ಲಿ ಬಚ್ಚಿಟ್ಟರೂ ಅದು ಒಳಗೊಳಗೇ ಹೋಗುತ್ತಿರುತ್ತದೆ, ಪಾತ್ರೆಯೊಂದು ಉಳಿಯುತ್ತದೆ. ಇದನ್ನೆಲ್ಲ ಹೇಳಲು ಬಾಯಿ ತೆರೆದವನು ಮುಚ್ಚಿದ. ಹೇಳಿದರೆ ಆ ಭಾನುವಾರದ ಎರಡು ಟ್ಯಾಂಕಿನವರೆಗೂ ಹೋಗಬೇಕಾಗುತ್ತದೆ ಅನ್ನಿಸಿತು. ಬದಲಿಗೆ, ತನಗೇ ಕೇಳಿಸದಷ್ಟು ಮೆತ್ತಗೆ, "ಅಳೇದು ನಂಗಿರ್ಲಿ. ಹೊಸದು ತಂದಿದೀನಲ್ಲ, ಅದ್ನ ನೀವ್ ಕುಡೀರಿ" ಅಂದ.

ಮೋಹನ ತೊಡೆ ಚಪ್ಪರಿಸಿದ. "ನೋಡ್ದಾ ಗುಂಡಯ್ಯ ಚಿಕ್ಕಪ್ಪ! ಅಳೇ ಮಾಲು ತಂಗೆ, ಹೊಸದು ನಮ್ಗೆ. ಎಂಡದೋರ್ ಬುದ್ಧಿ ಎಲ್ಲೋದಾದು?"

"ಅಂಗಲ್ಲ ಅಣ್ಣ..."

"ಎಂಗಾರ ಇರ್ಲಿ, ನಾಕು ಲೋಟಕ್ಕೂ ಬೀಳ್ಬೇಕು. ನಮ್ಮಪ್ಪ ಮಡಗಿದ್ದು ಅದು."

ಮಾಯಮ್ಮ ಎದ್ದು ಬಾಗಿಲ ಹತ್ತಿರ ಹೋಗಿ, ಒಳಗಿರುವವರಿಗೆ ಕೇಳಲಿ ಎಂಬಂತೆ ಎರಡು ಸಾರಿ ಕೆಮ್ಮಿ, ಬಾಗಿಲು ತೆರೆದರು. ಧೂಪದ ಹೊಗೆ ಮೊದಲು ಆಚೆ ಬಂತು. ಮುದ್ದೆಯ ಮೇಲೆ ಸಣ್ಣ ಗುಳಿ ಬಿದ್ದಿತ್ತು. ಉಂಡವ್ರೆ, ಉಂಡವ್ರೆ ಅಂದ ಗುಂಡಯ್ಯ, ಅವನ ದನಿ ಒಂದು ಕ್ಷಣ ನಿಜಕ್ಕೂ ಒಡೆಯಿತು. ಮೋಹನ ಟೇಪು ಕಿತ್ತು ತಂತಿ ಮೇಲೆತ್ತಿದ. ಬಾಟ್ಲಿ ಸಣ್ಣಗೆ ಉಸ್ಸೆಂದಿತು ಅಷ್ಟೇ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ. ನಾಲ್ಕು ಲೋಟಕ್ಕೆ ಸುರಿದ. ನೊರೆ ಏಳಲಿಲ್ಲ. ಬಣ್ಣ ಮಾತ್ರ ಜೇನಿನ ಹಾಗೆ ಕಪ್ಪಿಟ್ಟಿತ್ತು.

ಸುದರ್ಶನ ಮೊದಲು ಕುಡಿದ. ಇತ್ತು, ಅವನು ಹೆದರಿದ್ದೆಲ್ಲ ಇತ್ತು. ಒದ್ದೆ ರಟ್ಟು, ಅದರ ಹಿಂದೆ ಹಳಸಿದ ಸಿಹಿ, ಕಿತ್ತಳೆ ಸಿಪ್ಪೆಯ ಕುರುಹೂ ಇಲ್ಲ. ಎಲ್ಲ ಹೋದ ಮೇಲೆ ತಳದಲ್ಲಿ, ಆರಿದ ಒಲೆಯ ಬೂದಿಯಲ್ಲಿ ಉಳಿದ ಬಿಸಿಯ ಹಾಗೆ, ಹುರಿದ ರಾಗಿ ಒಂದಿಷ್ಟು. ಅವನು ಲೋಟ ಇಳಿಸಿ ಕಾದ. ಗುಂಡಯ್ಯ ಒಂದು ಗುಟುಕು ಎಳೆದು, ಕಣ್ಣು ಮುಚ್ಚಿ, ತಲೆಯನ್ನು ನಿಧಾನ ಆಡಿಸಿದ. "ಆಹಾ... ಗತ್ತು ಬೇರೆ ಕಣಪ್ಪ." ಮೋಹನ್‌ಕುಮಾರ್ ಬಾಯಲ್ಲಿ ಹಿಡಿದುಕೊಂಡೇ ಮೂಗಿನಿಂದ ಹೂಂ ಅಂದು, ಕಷ್ಟಪಟ್ಟು ನುಂಗಿ, "ಗೊತ್ತಾಯ್ತದೆ, ವಯಸ್ಸಾಗಿರದು ಗೊತ್ತಾಯ್ತದೆ. ಭಾಳ ನೈಸು" ಅಂದ. ಸುದರ್ಶನ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ತಮಾಷೆ ಮಾಡುತ್ತಿದ್ದಾರಾ? ಇಲ್ಲ, ಇಬ್ಬರೂ ತೀರಾ ಗಂಭೀರವಾಗಿ ಲೋಟದೊಳಗೆ ನೋಡುತ್ತಿದ್ದರು.

ಮಾಯಮ್ಮ ಪ್ರಸಾದವೆಂದು ನಾಲಗೆಗೆ ಒಂದಿಷ್ಟು ಮುಟ್ಟಿಸಿಕೊಂಡರು. "ಥೂ!" ಅಂದರು. "ಮಳೇಲಿ ನೆಂದ ಗೋಣೀಚೀಲ ಇಂಡಿದಂಗೈತಲ್ಲೋ!"

ಗುಂಡಯ್ಯನ ಹೊಟ್ಟೆ ನಗುವಿಗೆ ಕುಲುಕಲು ಶುರುವಾಯಿತು. "ನಂಗೂ ಅಂಗೇ ಅನ್ನುಸ್ತು ಕಣತ್ಗೆ. ಸತ್ತೋನ್ ಮುಂದೆ ಎಂಗನ್ನದು ಅಂತ..." "ನೀವೆಲ್ಲ ಆಹಾ ಅಂತೀರಲ್ಲ, ನನ್ ನಾಲ್ಗೇನೇ ಸರಿಗಿಲ್ವೇನೋ ಅನ್ಕಂಡೆ ಕಣಪ್ಪ" ಅಂದ ಮೋಹನ್‌ಕುಮಾರ್, ಹಿತ್ತಿಲ ಬಾಗಿಲಿಗೆ ಓಡಿ ಉಗಿದು ಬಂದು, ನಗು ತಡೆಯಲಾರದೆ ಕಂಬ ಹಿಡಿದುಕೊಂಡ. ಸುದರ್ಶನ ನಕ್ಕ. ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ. ಕೆಟ್ಟದ್ದನ್ನು ಕೆಟ್ಟದ್ದು ಅಂತ ಬಾಯಿಬಿಟ್ಟು ಅಂದರೆ ಇಷ್ಟೇನಾ ಆಗುವುದು? ಇವರ ನಾಲಗೆ ತನ್ನಷ್ಟೇ ಚುರುಕು, ಸುಟ್ಟುಹೋಗಿರಲಿಲ್ಲ, ಏನೂ ಆಗಿರಲಿಲ್ಲ. ಕಣ್ಣೀರು ಒರೆಸಿಕೊಂಡು ಫೋಟೋ ಕಡೆ ನೋಡಿದರೆ ಆ ಕಪ್ಪು ಕೂದಲಿನ ಮದುವೆ ಗಂಡು ಕೂಡ ತಡೆದುಕೊಂಡ ಹಾಗಿತ್ತು.

"ಎಲ್ಲಾ ಅವರ್ದೇ ತಪ್ಪು," ಅಂದರು ಮಾಯಮ್ಮ, ನಗು ಇಳಿದ ಮೇಲೆ, ಎಲೆಯ ಅಂಚು ಸರಿ ಮಾಡುತ್ತಾ. "ಬಡ್ಕಂಡೆ, ತೆಗ್ದು ಕುಡ್ದುಬುಡು ಅಂತ. ಇಲ್ಲ ಕಣೆ, ಬತ್ತೀನಿ ಅಂದವ್ನೆ, ಬರ್ಲಿ ಸುದರ್ಶನ, ಇಬ್ರೂ ಕೂತ್ಕಂಡು ಕುಡೀತೀವಿ ಅಂದ್ರು. ಕಾದು ಕಾದು ಕೆಡುಸ್ಬುಟ್ರು ನೋಡು ನಿನ್ ಸರಕ್ನ."

"ಅವ್ರು ಕೆಡ್ಸಿದ್ದಲ್ಲ ದೊಡ್ಡವ್ವ," ಅಂದ ಸುದರ್ಶನ.

"ಮತ್ತಿನ್ಯಾರು?"

ಮಾಯಮ್ಮ ಅವನನ್ನು ನೋಡಿದರು. ಮೋಹನನೂ ನೋಡಿದ. ಹೇಳಬೇಕಾದದ್ದು ಗಂಟಲವರೆಗೆ ಬಂದು, ಅಲ್ಲಿ ಬೇರೆಯೇ ಮಾತಾಯಿತು. ಅದೂ ನಿಜವೇ ಆಗಿತ್ತು, ಬಹುಶಃ ಅದೇ ಹೆಚ್ಚು ನಿಜವಾಗಿತ್ತು. "ನಾನು ಬರ್ಬೇಕಾಗಿತ್ತು."

"ಈಗ್ ಬಂದ್ಯಲ್ಲ ಬುಡು," ಅಂದರು ಮಾಯಮ್ಮ, ಅಷ್ಟಕ್ಕೆ ಮುಗಿಯಿತು ಅನ್ನುವ ಹಾಗೆ. "ಆ ಇನ್ನೊಂದ್ನ ತೆಗಿ. ಅದೂ ಗೋಣೀಚೀಲ ಆಗೋಕ್ಕಿಂತ ಮುಂಚೆ."

ಸುದರ್ಶನ ಹೊಸ ಬಾಟ್ಲಿಯ ತಂತಿ ಎತ್ತಿದ. ಟಪ್ ಎಂದು ಮುಚ್ಚಳ ಎದ್ದ ಸದ್ದಿಗೆ ಗುಂಡಯ್ಯ ಹಿಂದಕ್ಕೆ ಸರಿದ. ಧೂಪದ ಹೊಗೆಯನ್ನೂ ಕೋಳಿಸಾರನ್ನೂ ಸೀಳಿಕೊಂಡು ನಡುಮನೆಗೆಲ್ಲ ಕಿತ್ತಳೆ ಸಿಪ್ಪೆಯ ಘಮ ಹರಡಿತು. "ಓಹೋ," ಅಂದ ಮೋಹನ್‌ಕುಮಾರ್, ಈ ಸಲ ಮುಖ ಏನೂ ಮಾಡಿಕೊಳ್ಳದೆ. ಸುದರ್ಶನ ಮೊದಲು ದೊಡ್ಡಪ್ಪನ ಉದ್ದನೆ ಲೋಟಕ್ಕೆ ಸುರಿದು ಎಲೆಯ ಪಕ್ಕ ಇಟ್ಟ. ಆಮೇಲೆ ತನ್ನದಕ್ಕೆ ಸುರಿದುಕೊಂಡು ಫೋಟೋ ಮುಂದೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ. ಎರಡೂ ಲೋಟದಲ್ಲಿ ನೊರೆ ಅಂಚಿನವರೆಗೆ ಏರಿ ನಿಂತಿತ್ತು.

"ದೊಡ್ಡಪ್ಪ," ಅಂದ, "ಇದು ಕಾಯೋ ಸರಕಲ್ಲ."

ನೊರೆ ಇಳಿಯುವವರೆಗೂ ಕಾಯದೆ ಅವನು ಲೋಟ ಎತ್ತಿ ಕುಡಿದ.